ಹೊರೆಗಲ್ಲಿಗೆ ನಾಲ್ಕು ಬೆರಳು ಕಮ್ಮಿ

ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಮೇಲಿನ ಹಲಗೆಯ ಮೇಲಿರುತ್ತದೆ. ಡಾಕ್ಟರು ನನಗೆ ಸಕ್ಕರೆ ಬೇಡವೆಂದ ದಿನ ನನ್ನ ಸೊಸೆ ಅದನ್ನು ಅಲ್ಲಿಗೆ ಏರಿಸಿದಳು. ಬೇರೆಯವರ ಮನೆಯಲ್ಲಾದರೆ ಇಂಥದ್ದಕ್ಕೆ ಬೀಗ ಹಾಕಬೇಕು. ನಮ್ಮಲ್ಲಿ ಒಂದು ಮೊಳ ಮೇಲಿಟ್ಟರೆ ಅದೇ ಬೀಗ. ನಾನು ಅಷ್ಟು ಕುಳ್ಳಿ. ಬಸ್ಸಿನಲ್ಲಿ ಮೇಲಿನ ಕಂಬಿ ನನಗೆ ಸಿಗುವುದಿಲ್ಲ, ಪಕ್ಕದವರ ಸೆರಗೇ ಗತಿ. ಗುಂಪಿನಲ್ಲಿ ಫೋಟೋ ತೆಗೆದರೆ ನನ್ನ ಬೈತಲೆ ಮಾತ್ರ ಬರುತ್ತದೆ.

ಅಡುಗೆಮನೆಯ ಮೂಲೆಯಲ್ಲಿ ಒಂದು ಸ್ಟೂಲು ಇದೆ. ಹತ್ತಿದರೆ ಡಬ್ಬ ಕೈಗೆ ಬರುತ್ತದೆ. ಆದರೂ ನೆಂಟರು ಬಂದಾಗ ನಾನು, "ಶಾಂತಾ, ಡಬ್ಬ ಇಳಿಸಿಕೊಡೇ" ಎಂದು ಸೊಸೆಯನ್ನೇ ಕೂಗುತ್ತೇನೆ. "ಸ್ಟೂಲ್ ಇದೆಯಲ್ಲತ್ತೆ" ಎಂದು ಗೊಣಗುತ್ತಾ ಬಂದು ಅವಳು ಇಳಿಸುತ್ತಾಳೆ. ಇದು ಸೋಮಾರಿತನ ಎಂದು ಅವಳ ತೀರ್ಮಾನ. ಇದರ ಬುಡ ಒಂದು ಕಲ್ಲಿನಲ್ಲಿದೆ ಎಂದರೆ ಅವಳು ನಂಬುವುದಿಲ್ಲ. ನೀವಾದರೂ ನಂಬಿ.

ನಮ್ಮೂರು ಅರಕಲಗೂಡು ತಾಲ್ಲೂಕಿನದು. ಊರಿನ ಬಂಡಿದಾರಿ ಹೋಗಿ ಕೊಣನೂರು ರಸ್ತೆಗೆ ಸೇರುವ ಕಡೆ ಒಂದು ಹೊರೆಗಲ್ಲಿತ್ತು. ಅಲ್ಲೇ ಪಕ್ಕದಲ್ಲೇ ಹುಟ್ಟಿ ಬೆಳೆದವರನ್ನು ಬಿಟ್ಟರೆ ಈಗಿನವರಿಗೆ ಹೊರೆಗಲ್ಲು ಎಂದರೆ ತಿಳಿಯದು. ಎರಡು ಕಲ್ಲುಕಂಬ, ಅವುಗಳ ತಲೆಯ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಇಷ್ಟೇ. ಬಾಗಿಲಿಲ್ಲದ ಬಾಗಿಲುವಾಡದ ಹಾಗೆ ದಾರಿಯ ಪಕ್ಕ ನಿಂತಿರುತ್ತಿತ್ತು. ತಲೆಯ ಮೇಲೆ ಹೊರೆ ಹೊತ್ತು ಒಂಟಿಯಾಗಿ ನಡೆಯುವವರ ಕಷ್ಟ ಹೊತ್ತವರಿಗೇ ಗೊತ್ತು: ಕತ್ತು ಸೋತಿತೆಂದು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿ ತಲೆಗಿಡಲು ಇನ್ನೊಬ್ಬರು ಬೇಕು. ಹೊರೆಗಲ್ಲು ಇದ್ದರೆ ಯಾರ ಹಂಗೂ ಇಲ್ಲ. ಚಪ್ಪಡಿಗೆ ಹಣೆ ತಾಗುವಷ್ಟು ಹತ್ತಿರ ಹೋಗಿ, ಹೊರೆಯನ್ನು ತಲೆಯಿಂದ ಮುಂದಕ್ಕೆ ಜಾರಿಸಿದರೆ ಕಲ್ಲಿನ ಮೇಲೆ ಕೂರುತ್ತದೆ. ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎಳೆದುಕೊಂಡರೆ ಹೊರೆ ತಲೆಗೆ ಬರುತ್ತದೆ.

ಅದನ್ನು ನೆಡಿಸಿದ ಕಾಲ ಯಾವುದೋ, ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ತುಂಬು ಬಸುರಿಯೊಬ್ಬಳು ತವರಿಗೆ ಬರುತ್ತಾ, ಹೊರೆ ಇಳಿಸಿಕೊಳ್ಳುವವರು ಸಿಗದೆ ಅದೇ ಜಾಗದಲ್ಲಿ ಕುಸಿದು ಜೀವ ಬಿಟ್ಟಳಂತೆ. ಹೊಟ್ಟೆಯ ಹೊರೆಯೂ ಇಳಿಯಲಿಲ್ಲ, ತಲೆಯ ಹೊರೆಯೂ ಇಳಿಯಲಿಲ್ಲ. ಇನ್ನು ಮುಂದೆ ಯಾರಿಗೂ ಹೀಗಾಗದಿರಲಿ ಎಂದು ಅವಳ ತವರಿನವರು ನಿಲ್ಲಿಸಿದ ಕಲ್ಲು ಅದು. ಅದರಿಂದ ನಮ್ಮೂರಲ್ಲಿ ಒಂದು ಪದ್ಧತಿ ಬಂದಿತ್ತು. ಬಸುರಿ ಮಗಳು ಬಾಣಂತನಕ್ಕೆ ಬರುವಾಗ ತನ್ನ ಗಂಟನ್ನು ಆ ಕಲ್ಲಿನ ಮೇಲೆ ತಾನೇ ಇಡಬೇಕು, ತವರಿನವರು ಯಾರಾದರೂ ಎದುರು ಹೋಗಿ ಅದನ್ನು ಇಳಿಸಿಕೊಳ್ಳಬೇಕು. ಕೈಯಲ್ಲಿ ಎಳೆದು ಇಳಿಸುವಂತಿಲ್ಲ. ತಲೆ ಕೊಟ್ಟು ಇಳಿಸಬೇಕು. ಹಾಗೆ ಇಳಿಸಿಕೊಂಡರೆ ಕರೆದು ತಂದ ಹಾಗೆ. ಇಲ್ಲದಿದ್ದರೆ ಅವಳು ಹೇಳದೆ ಕೇಳದೆ ಬಂದವಳು, ಮನೆಯವರು ಹಿಂದಕ್ಕೆ ಕಳಿಸಿದರೂ ಯಾರೂ ತಪ್ಪೆನ್ನುವಂತಿರಲಿಲ್ಲ.

ಕಲ್ಲು ನೆಡಿಸಿದ ಪುಣ್ಯಾತ್ಮರ ಮನೆಯಲ್ಲಿ ಎಲ್ಲರೂ ಎತ್ತರದವರಿದ್ದರು ಅಂತ ಕಾಣುತ್ತದೆ. ಅದು ನನ್ನ ಅಕ್ಕ ಗೌರಿಯ ಹುಬ್ಬಿನ ಮಟ್ಟಕ್ಕಿತ್ತು, ಅವಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ನನಗೋ, ನೆತ್ತಿಯ ಮೇಲೆ ಇನ್ನೂ ನಾಲ್ಕು ಬೆರಳು.

ಅಕ್ಕ ಇರುವಷ್ಟು ದಿನ ಅದು ಚಿಂತೆಯೇ ಆಗಿರಲಿಲ್ಲ. ಸಂತೆಯ ದಿನ ಅವಳು ದೊಡ್ಡ ಮಂಕರಿ ಹೊರುತ್ತಿದ್ದಳು, ನಾನು ಚಿಕ್ಕದು. ಅವರೆಕಾಯಿಯೋ ಸೌತೆಕಾಯಿಯೋ ಇರುತ್ತಿತ್ತು. ಕಲ್ಲಿನ ಹತ್ತಿರ ಬಂದಾಗ ಅವಳು ತನ್ನದನ್ನು ಜಾರಿಸಿ, ನನ್ನ ಕಡೆ ತಿರುಗಿ, "ಬಾ ಕುಳ್ಳಿ" ಎಂದು ನನ್ನ ಮಂಕರಿಯನ್ನು ತನ್ನ ತಲೆಗೆ ತೆಗೆದುಕೊಂಡು ಅದನ್ನೂ ಜಾರಿಸುತ್ತಿದ್ದಳು. ಹೊರಡುವಾಗ ತಾನೇ ಇಳಿಸಿ ನನ್ನ ತಲೆಗಿಡುತ್ತಿದ್ದಳು. ಲೋಕದಲ್ಲಿ ಕುಳ್ಳಿಯರಿಗೆಲ್ಲ ಹೀಗೊಬ್ಬ ಅಕ್ಕನನ್ನು ದೇವರೇ ಕೊಟ್ಟಿರುತ್ತಾನೆ ಅಂತ ನಾನು ತಿಳಿದಿದ್ದೆ.

ಆಮೇಲೆ ಅಕ್ಕನ ಮದುವೆಯಾಯಿತು. ಕೊಣನೂರಿನ ಆಚೆಯ ಊರು. ಮದುವೆಯೂಟದಲ್ಲಿ ನಮ್ಮಪ್ಪ ಒಂದು ಘನಂದಾರಿ ಕೆಲಸ ಮಾಡಿದ. ಬೀಗರ ಕಡೆಯವರಿಗೆ ಮೊದಲ ಪಂಕ್ತಿಯಲ್ಲಿ ಜಾಗ ಸಾಲದಾಗಿ, ಎಲೆಯ ಮುಂದೆ ಕೂತಿದ್ದ ಒಬ್ಬ ಮುದುಕರನ್ನು ನಮ್ಮೂರಿನವರೇ ಯಾರೋ ಎಂದುಕೊಂಡು, "ಏಳಯ್ಯ ಮ್ಯಾಕೆ, ಮೊದ್ಲು ಬೀಗ್ರು ಉಣ್ಲಿ" ಎಂದು ರಟ್ಟೆ ಹಿಡಿದು ಎಬ್ಬಿಸಿಬಿಟ್ಟ. ಅವರು ಮದುಮಗನ ದೊಡ್ಡಪ್ಪ. ಬೀಗರಿಗೆ ಮರ್ಯಾದೆ ಮಾಡಲು ಹೋಗಿ ಬೀಗರನ್ನೇ ಎಬ್ಬಿಸಿದ್ದ. ಎಲೆಯ ಮುಂದಿನಿಂದ ಎಬ್ಬಿಸುವುದೆಂದರೆ ಸಾಮಾನ್ಯವೇ? ಅವರು ಕೈ ತೊಳೆಯದೆ ಎದ್ದು ಗಾಡಿ ಕಟ್ಟಿಸಿದರು. "ಗೊತ್ತಾಗ್ದೆ ಆಯ್ತು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಅಲ್ಲಿಂದ ಮುಂದೆ ಅವರು ಇತ್ತ ಬರಲಿಲ್ಲ, ಇವನು ಅತ್ತ ಹೋಗಲಿಲ್ಲ. ಅಕ್ಕನನ್ನು ಹಬ್ಬಕ್ಕೂ ಕಳಿಸಲಿಲ್ಲ. ಅಪ್ಪ ಕೊಣನೂರು ಸಂತೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅವ್ವನಿಗೆ ಮಂಡಿನೋವು, ಅಷ್ಟು ದೂರ ನಡೆಯಲಾರಳು. ಅಕ್ಕ ಮಾತ್ರ ಸಂತೆಗೆ ಬರುತ್ತಿದ್ದಳಂತೆ. ನಮ್ಮೂರಿನ ಹೆಂಗಸರನ್ನು ಕಂಡರೆ ಕೈ ಹಿಡಿದು, "ನಮ್ ಕುಳ್ಳಿ ಬರ್ನಿಲ್ವಾ?" ಎಂದು ಕೇಳುತ್ತಿದ್ದಳಂತೆ. ಅದನ್ನು ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ಸಂತೆಗೆ ಹೋಗಬೇಕು, ಅಕ್ಕನನ್ನು ನೋಡಬೇಕು. ನನಗೆ ಆಗ ಬೇಕಾಗಿದ್ದುದು ಅದೊಂದೇ.

ಆದರೆ ಬರಿಗೈಯಲ್ಲಿ ಸಂತೆಗೆ ಹೋಗುವ ಹುಡುಗಿಯನ್ನು ಊರು ಸುಮ್ಮನೆ ಬಿಡುತ್ತದೆಯೇ? ಹೊರೆ ಹೊತ್ತು ಹೋಗಬೇಕು. ಹೊರೆ ಹೊತ್ತರೆ ಹೊರೆಗಲ್ಲಿನ ಮೇಲೆ ತಾನೇ ಇಡುವಂತಿರಬೇಕು. ನಮ್ಮೂರಿನ ಸಂತೆ ಹೆಂಗಸರಿಗೆ ಯಜಮಾನಿ ಸಣ್ಣತ್ತೆ. ಹೆಸರಷ್ಟೇ ಸಣ್ಣದು, ಆಳು ಬಾಗಿಲು ತುಂಬ ಇದ್ದಳು. ನಾನು ಕೇಳಿದ್ದಕ್ಕೆ ಖಂಡಿತವಾಗಿ ಹೇಳಿಬಿಟ್ಟಳು: "ನನ್ ತಲೆ ಮ್ಯಾಲೆ ನಂದೇ ಇರ್ತದೆ, ನಿಂದ ಯಾರಮ್ಮಿ ಇಳ್ಸಾರು? ಕಲ್ಲು ಎಟುಕ್ಲಿ, ಆಮ್ಯಾಕೆ ಬರುವಂತೆ."

ಸರಿ, ಬೆಳೆಯುವುದಕ್ಕೆ ಕೂತೆ. ಹಟ್ಟಿಯ ಸೂರಿನ ಗಳ ಹಿಡಿದು ನೇತಾಡಿದೆ. "ಅದ್ಯಾಕಂಗೆ ಬಾವ್ಲಿ ಅಂಗೆ ನೇತಾಕ್ಕಂಡಿದ್ದೀಯ? ಸೂರು ಬಿದ್ದಾತು" ಎಂದು ಅವ್ವ ಬೈದಳು. ಅಜ್ಜಿ ಸಂಜೆ ಹೊತ್ತು ನನ್ನನ್ನು ಮಲಗಿಸಿ ಕಾಲು ಹಿಡಿದು ಎಳೆದಳು; ಎಳೆದ ರಭಸಕ್ಕೆ ಅವಳ ಸೊಂಟ ಹಿಡಿಯಿತೇ ಹೊರತು ನಾನು ಉದ್ದವಾಗಲಿಲ್ಲ. ಅದೇ ವರ್ಷ ಸೋದರಮಾವ ಚನ್ನರಾಯಪಟ್ಟಣದ ಕಡೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿ ಬೆಳಗೊಳದ ಬೆಟ್ಟ ಹತ್ತಿಸಿದ. ಗೊಮ್ಮಟನ ಕಾಲಬೆರಳ ಹತ್ತಿರ ನಿಂತು ಕತ್ತು ನೋಯುವವರೆಗೂ ಮೇಲೆ ನೋಡಿದೆ. ಇಷ್ಟೊಂದು ಎತ್ತರ ಒಬ್ಬನಿಗೇ ಯಾತಕ್ಕೆ? "ಸ್ವಾಮಿ, ನಿಂಗೆ ಕಮ್ಮಿ ಆಗಾಕಿಲ್ಲ, ನಿನ್ನ ಒಂದು ಉಗುರಿನಷ್ಟು ಕೊಡಪ್ಪ" ಎಂದು ಬೇಡಿಕೊಂಡೆ. ಎಲ್ಲವನ್ನೂ ಬಿಟ್ಟು ನಿಂತವನು; ಎತ್ತರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಊರಿಗೆ ಬಂದು ಕಲ್ಲಿನ ಕೆಳಗೆ ನಿಂತು ನೋಡಿದೆ. ಅವೇ ನಾಲ್ಕು ಬೆರಳು.

ಅಷ್ಟರಲ್ಲಿ ಸಂತೆಯಿಂದ ಸುದ್ದಿ ಬಂತು. ಅಕ್ಕ ಬಸುರಿ, ದಿನ ತುಂಬುತ್ತಾ ಬಂದಿದೆ. ಚೊಚ್ಚಲು. ಅವಳ ಮಾವ, "ತವರಿನೋರು ಬಂದು ಕರೀಲಿ, ಕಳುಸ್ತೀವಿ" ಎಂದಿದ್ದರಂತೆ. ಅಪ್ಪ, "ಅವರೇ ಬಂದು ಯೋಳ್ಲಿ, ಕರ್ಕಬತ್ತೀನಿ" ಎಂದ. ಅವ್ವ ಒಲೆಯ ಮುಂದೆ ಕೂತು ಅತ್ತಳು. "ಕಲ್ಲಿಗಿಂತ ಕಡೆ ಆಗೋದ್ರಲ್ಲ ಇವರು, ಕಲ್ಲಾದ್ರೂ ವರೆ ಇಳುಸ್ಕತದೆ" ಎಂದಳು. ಹೊರೆಗಲ್ಲಿನ ಜಾಗದಲ್ಲಿ ಕುಸಿದವಳ ಕಥೆ ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು.

ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ತಲೆಗೆ ಹೊಳೆದ ಉಪಾಯ ತಲೆಯ ಮೇಲೇ ಕೂರುವಂಥದ್ದು: ಸಿಂಬೆ. ಹೊರೆಯ ಕೆಳಗೆ, ನೆತ್ತಿ ನೋಯದಿರಲೆಂದು ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದು. ಎಲ್ಲರದೂ ಎರಡು ಬೆರಳು ದಪ್ಪ ಇದ್ದರೆ ನನ್ನದು ಎಂಟು ಬೆರಳು ಇರಲಿ! ನಾನು ಬೆಳೆಯದಿದ್ದರೇನು, ಸಿಂಬೆ ಬೆಳೆಯಬಾರದೇ? ರಾಗಿಹುಲ್ಲು ಹೊಸೆದು, ಮೇಲೆ ಅವ್ವನ ಹಳೇ ಸೀರೆ ಬಿಗಿದು ಸುತ್ತಿ, ಒಂದು ಸಿಂಬೆ ಮಾಡಿದೆ. ನೋಡಲು ಸಿಂಬೆಗಿಂತ ಹೆಚ್ಚಾಗಿ ಸಣ್ಣದೊಂದು ಒರಳಿನ ಹಾಗಿತ್ತು.

ಸಂತೆಯ ದಿನ ಅದರ ಮೇಲೆ ಅವರೆಕಾಯಿ ಮಂಕರಿ ಇಟ್ಟುಕೊಂಡು ಹೊರಟೆ. ಅವ್ವ ಹುಣಿಸೆಹಣ್ಣಿನ ಚಿಗಳಿ ಕುಟ್ಟಿ, ಎಲೆಯಲ್ಲಿ ಕಟ್ಟಿ, ನನ್ನ ಮಡಿಲಿಗೆ ಸಿಕ್ಕಿಸಿದಳು. "ಗೌರಿ ಬಾಯಿಗೆ ನೀನೇ ಇಕ್ಕು" ಎಂದಳು. ಸಣ್ಣತ್ತೆ ನನ್ನನ್ನು ಕಂಡು ನಿಂತೇಬಿಟ್ಟಳು.

"ಏನಮ್ಮಿ ಇದು! ತಲೆ ಮ್ಯಾಲೆ ಇನ್ನೊಂದು ತಲೆ ಮಡಿಕ್ಕಂಡು ಬಂದಿದ್ದೀಯ?"

"ಕಲ್ಲು ಎಟುಕ್ಬೇಕು ಅಂದ್ಯಲ್ಲತ್ತೆ, ಈಗ ಎಟುಕ್ತದೆ."

ಹೆಂಗಸರೆಲ್ಲ ನಕ್ಕರು. ನಗಬಹುದಿತ್ತು, ಅವರ ಕತ್ತು ಗಟ್ಟಿಯಾಗಿತ್ತು. ನಾನು ನಕ್ಕಿದ್ದರೆ ಮಂಕರಿ ಬೀಳುತ್ತಿತ್ತು. ಆ ಸಿಂಬೆಯ ಮೇಲಿನ ಹೊರೆ ಒಂದು ಹೆಜ್ಜೆಗೆ ಎಡಕ್ಕೆ ವಾಲಿದರೆ ಇನ್ನೊಂದು ಹೆಜ್ಜೆಗೆ ಬಲಕ್ಕೆ ವಾಲುತ್ತಿತ್ತು. ಅದು ವಾಲಿದ ಕಡೆಗೆ ನಾನು ಓಡಬೇಕು. ಹೀಗೆ ಬಂಡಿದಾರಿಯ ಎರಡೂ ಅಂಚನ್ನು ಅಳೆಯುತ್ತಾ ಬಂದದ್ದರಿಂದ ಎಲ್ಲರಿಗಿಂತ ಹಿಂದೆ ಬಿದ್ದೆ. ನಾನು ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಅವರು ಸುಧಾರಿಸಿಕೊಂಡು, ಹೊರೆ ಹೊತ್ತು, ಕೊಣನೂರು ರಸ್ತೆಯ ತಿರುವು ದಾಟಿ ಹೋಗಿದ್ದರು.

ಇರಲಿ, ನಾನು ಬಂದದ್ದು ಯಾರ ಸಹಾಯವೂ ಬೇಡವೆಂದೇ ತಾನೆ? ಗತ್ತಿನಿಂದ ಚಪ್ಪಡಿಯ ಹತ್ತಿರ ಹೋದೆ. ಮಂಕರಿಯ ತಳ ಚಪ್ಪಡಿಗಿಂತ ಮೇಲೇ ಇತ್ತು. ಜಾರಿಸಿದೆ. ಅರ್ಧ ಜಾರಿತು. ಅಷ್ಟರಲ್ಲಿ ಸಿಂಬೆಯೂ ಅದರ ಜೊತೆ ಮುಂದಕ್ಕೆ ಬಂದು, ಕಲ್ಲಿಗೂ ಮಂಕರಿಗೂ ನಡುವೆ ಸಿಕ್ಕಿಕೊಂಡು, ಸೀರೆಯ ತುದಿ ಬಿಚ್ಚಿ ನನ್ನ ಮುಖದ ಮೇಲೆ ಇಳಿಯಿತು. ಮುಂದಕ್ಕೆ ತಳ್ಳಿದರೆ ಹೋಗದು. ಹಿಂದಕ್ಕೆ ಸರಿದರೆ ಅವರೆಕಾಯಿ ರಸ್ತೆಪಾಲು. ಎರಡು ಕಂಬದ ನಡುವೆ, ಎರಡೂ ಕೈ ಮೇಲೆತ್ತಿ, ಮುಖಕ್ಕೆ ಮುಸುಕು ಹಾಕಿಕೊಂಡು, ಮೂರನೆಯ ಕಂಬವಾಗಿ ನಿಂತೆ. ದಾರಿಯಲ್ಲಿ ಹೋದ ಒಂದು ದನ ನನ್ನ ಬೆನ್ನಿಗೆ ಮೈ ಉಜ್ಜಿಕೊಂಡು ಹೋಯಿತು ಎಂದರೆ ನೀವೇ ಯೋಚನೆ ಮಾಡಿ. ಕತ್ತು ಸೋತು ಅಳು ಬಂತು. ಒರೆಸಿಕೊಳ್ಳಲು ಕೈಯೂ ಇಲ್ಲ.

ಆಗ ಯಾರೋ ನಗುವುದು ಕೇಳಿಸಿತು. ಆ ನಗುವನ್ನು ನಾನು ಮುಸುಕಿನ ಒಳಗಿಂದಲೂ ಗುರುತು ಹಿಡಿಯಬಲ್ಲೆ.

"ಅಳ್ಳಾಡ್ಬ್ಯಾಡ ಕುಳ್ಳಿ. ಹಂಗೇ ಇರು."

"ಅಕ್ಕಾ! ನೀನು ಎತ್ಬ್ಯಾಡ ಕಣೇ, ಬಸುರಿ ನೀನು!"

"ಎತ್ತೋರ್ಯಾರು? ತಳ್ತೀನಿ" ಎಂದು ಅಂಗೈಯಲ್ಲಿ ಒಂದು ಸಲ ನೂಕಿದಳು. ಮಂಕರಿ ಕಲ್ಲಿನ ಮೇಲೆ ಹೋಗಿ ಕೂತಿತು. ಮುಖದ ಮೇಲಿನ ಸೀರೆ ಸರಿಸಿ ನೋಡಿದರೆ, ಎದುರಿಗೆ ಅಕ್ಕ. ತಲೆಯ ಮೇಲೆ ಗಂಟು, ಮುಂದೆ ಹೊಟ್ಟೆ, ಕಣ್ಣಿನಲ್ಲಿ ನಗುವೂ ನೀರೂ. ದಾರಿಯಲ್ಲಿ ಸಿಕ್ಕ ಸಣ್ಣತ್ತೆ, "ನಿನ್ ತಂಗಿ ಗೋಪುರ ವತ್ಕಂಡು ಇಂದೆ ಬತ್ತಾವ್ಳೆ, ಬಿರ್ರನೆ ಓಗವ್ವ" ಎಂದಿದ್ದಳಂತೆ.

"ಕಳುಸ್ಕೊಟ್ರಾ?" ಎಂದೆ.

"ಯಾರೂ ಕಳುಸ್ನಿಲ್ಲ, ಯಾರೂ ಕರೀನಿಲ್ಲ. ಅವರವರ ಅಟ ಅವರು ಮಡಿಕ್ಕಳ್ಳಿ. ನಮ್ಮೂರ ದಾರಿ ನಂಗೊತ್ತಿಲ್ವಾ? ಗಂಟು ಕಟ್ಕಂಡು ಬಂದ್ಬುಟ್ಟೆ." ಹೇಳಿದ್ದು ಜೋರಾಗಿಯೇ. ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪ ಸೇರಿಸ್ಕತದೇನೆ?"

ನನಗೇನು ಗೊತ್ತು? ಮಡಿಲಿನ ಚಿಗಳಿ ತೆಗೆದು ಅವಳ ಬಾಯಿಗಿಟ್ಟೆ. ಅವಳು ಹುಳಿಗೆ ಕಣ್ಣು ಮುಚ್ಚಿ ಚೀಪುತ್ತಾ, ತನ್ನ ಗಂಟನ್ನು ಸಲೀಸಾಗಿ ಕಲ್ಲಿನ ಮೇಲೆ ಜಾರಿಸಿದಳು. ಜಾರಿಸಿದ ಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಗಂಟು ಇಟ್ಟದ್ದಾಯಿತು. ಇಳಿಸಿಕೊಳ್ಳಲು ತವರಿನವರು ಬೇಕು. ಅಲ್ಲಿ ತವರು ಅಂತ ಇದ್ದದ್ದು ನಾನೊಬ್ಬಳೇ. ತವರಿಗೆ ನಾಲ್ಕು ಬೆರಳು ಕಮ್ಮಿ.

"ಕೈಯಾಗೆ ಇಳ್ಸುಬುಡ್ಲಾ? ಯಾರು ನೋಡ್ತಾರೆ?" ಎಂದೆ.

"ಅವಳು ನೋಡ್ತಾಳೆ" ಎಂದಳು ಅಕ್ಕ, ಕಲ್ಲಿನ ಕಡೆ ನೋಡುತ್ತಾ. ಆಗ ಅವಳ ಮುಖದಲ್ಲಿ ನಗುವಿರಲಿಲ್ಲ. ಅವಳಿಗೂ ಭಯವಿತ್ತು.

ಅಕ್ಕನ ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ತುದಿಗಾಲಲ್ಲಿ ನಿಂತೆ. ಸಾಲದು. ಎಗರಿದೆ. ಗಂಟು ಅಲ್ಲೇ ಇತ್ತು, ನನ್ನ ತಲೆ ಚಪ್ಪಡಿಗೆ ಬಡಿದು ಊದಿ ಬೋರೆ ಬಂತು. ಅಕ್ಕ ಸುತ್ತ ನೋಡಿದಳು. ಹತ್ತಲು ಒಂದು ಗುಂಡುಕಲ್ಲೂ ಇಲ್ಲ. ಆಗ ಅವಳ ಕಣ್ಣು ನೆಲದ ಮೇಲೆ ಬಿದ್ದಿದ್ದ ನನ್ನ ಮಹಾ ಸಿಂಬೆಯ ಮೇಲೆ ಹೋಯಿತು. ಅದನ್ನು ಕಾಲಿನಿಂದ ಕಲ್ಲಿನ ಕೆಳಕ್ಕೆ ನೂಕಿ, "ಅತ್ತು ಇದ್ರ ಮ್ಯಾಕೆ" ಎಂದಳು. ತಲೆಯ ಮೇಲೆ ಕೆಲಸಕ್ಕೆ ಬಾರದ್ದು ಕಾಲ ಕೆಳಗೆ ಬಂತು. ಅದರ ಮೇಲೆ ತುದಿಗಾಲಲ್ಲಿ ನಿಂತು ತಲೆ ಕೊಟ್ಟೆ. ಅಕ್ಕ ನನ್ನ ಸೊಂಟ ಹಿಡಿದುಕೊಂಡಳು. ಗಂಟು ಜಾರಿ ನನ್ನ ತಲೆಗೆ ಬಂತು.

ಅವರೆಕಾಯಿಯನ್ನು ಕಲ್ಲಿನ ಮೇಲೇ ಬಿಟ್ಟು ಮನೆಗೆ ನಡೆದೆವು. ಅಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅಕ್ಕನನ್ನು ಕಂಡು ಕೈ ನಿಂತಿತು. ಅವ್ವ ಒಳಗಿಂದ ಓಡಿ ಬಂದವಳು ಹೊಸ್ತಿಲಲ್ಲೇ ನಿಂತಳು. ಅಪ್ಪ ಮಾತಾಡದೆ ಅವಳು ಬಾ ಎನ್ನುವಂತಿರಲಿಲ್ಲ. ಅಪ್ಪ ನೆಲ ನೋಡುತ್ತಾ ಕೇಳಿದ:

"ಗಂಟು ಕಲ್ಲಿನ ಮ್ಯಾಲೆ ಮಡಗಿದ್ಯಾ?"

"ಊ."

"ಇಳ್ಸಿದ್ಯಾರು?"

"ನಾನು ಕಣಪ್ಪ, ತಲೆ ಕೊಟ್ಟೇ ಇಳ್ಸಿವ್ನಿ" ಎಂದೆ.

ಅಪ್ಪ ತಲೆಯೆತ್ತಿ ನನ್ನನ್ನು ನೆತ್ತಿಯಿಂದ ಕಾಲವರೆಗೆ ನೋಡಿದ. ಅದು ಬೇಗ ಮುಗಿಯುವ ಕೆಲಸ. "ನಿಂಗೆಟುಕ್ತಾ?" ಎಂದ. ನಾನು ಸೆರಗು ಸರಿಸಿ ಬೋರೆ ತೋರಿಸಿದೆ. ಅಪ್ಪನ ಮೀಸೆ ಅಲುಗಿತು. "ಅಂಗಾರೆ ನಾವು ಕರ್ದಂಗೇ ಆಯ್ತಲ್ಲ. ಒಳೀಕ್ ಕರ್ಕ" ಎಂದು ಅವ್ವನಿಗೆ ಹೇಳಿ, ಹಗ್ಗವನ್ನು ಅಲ್ಲೇ ಬಿಟ್ಟು, ಅವರೆಕಾಯಿ ತರುತ್ತೇನೆಂದು ಹೋದ. ಮಂಕರಿ ತರಲು ಹೋದವನು ಸಂಜೆ ದೀಪ ಹಚ್ಚಿದ ಮೇಲೆ ಬಂದ. ಕೊಣನೂರು ದಾಟಿ ಬೀಗರ ಮನೆಗೆ ಹೋಗಿ, ಆ ಅವರೆಕಾಯಿಯನ್ನು ಅವರ ಜಗುಲಿಯ ಮೇಲಿಟ್ಟು, "ಮಗಳು ಬಂದು ಸೇರವ್ಳೆ" ಎಂದು ಹೇಳಿ ಬಂದಿದ್ದ. ಮದುವೆಯ ದಿನ ಬಾಯಿಗೆ ಬಾರದ ಆ ಒಂದು ಮಾತು ಆಡಿದನೋ ಇಲ್ಲವೋ ಗೊತ್ತಿಲ್ಲ. ಆ ದೊಡ್ಡಪ್ಪನ ಪಕ್ಕ ಕೂತು ಅದೇ ಅವರೆಕಾಯಿಯ ಸಾರು ಉಂಡು ಬಂದದ್ದಂತೂ ನಿಜ. ಅಕ್ಕನಿಗೆ ಸುಖವಾಗಿ ಹೆಣ್ಣುಮಗು ಹುಟ್ಟಿತು.

ನಾನು ಮುಂದೆ ಒಂದು ಬೆರಳೂ ಬೆಳೆಯಲಿಲ್ಲ. ಮದುವೆಯಾಗಿ ಹೊಳೆನರಸೀಪುರಕ್ಕೆ ಹೋದೆ. ನನ್ನ ಯಜಮಾನರು ಮೇಷ್ಟರು, ಕಲ್ಲು ಕಂಡಲ್ಲಿ ನಿಲ್ಲುವವರು. ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಕರೆದುಕೊಂಡು ಹೋಗಿ ಜೋಡಿ ಗುಡಿಗಳನ್ನು ತೋರಿಸಿದರು. ಅಕ್ಕಪಕ್ಕ ನಿಂತಿವೆ, ಒಂದಕ್ಕಿಂತ ಒಂದು ಕುಳ್ಳಲ್ಲ. ಅವರು ಗೋಡೆಯ ಕೆತ್ತನೆಯನ್ನು ವಿವರಿಸುತ್ತಿದ್ದರೆ ನಾನು, ಪಾಪ, ಈ ಗುಡಿಗೆ ಏನನ್ನೂ ಇಳಿಸಿಕೊಡುವ ಕೆಲಸ ಆ ಗುಡಿಗಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಅವರಿಗೆ ಹೇಳಲಿಲ್ಲ. ಮೊದಲೇ ನನ್ನ ಇತಿಹಾಸಜ್ಞಾನದ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಬಾಣಂತನಕ್ಕೆ ತವರಿಗೆ ಹೋಗುವ ನನ್ನ ಸರದಿಯೂ ಬಂತು. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಹಣ್ಣಾಗಿದ್ದರು. ನನ್ನ ಗಂಟು ಇಳಿಸಿಕೊಳ್ಳಲು ಅಕ್ಕ ತನ್ನ ಊರಿನಿಂದ ಮೊದಲೇ ಬಂದಿದ್ದಳು. ಬಸ್ಸು ಇಳಿದು ಗಂಟು ತಲೆಯ ಮೇಲಿಟ್ಟುಕೊಂಡವಳು ಬೆರಗಾಗಿ ನಿಂತೆ. ರಸ್ತೆಗೆ ಮಣ್ಣು ಏರಿಸಿ, ಜಲ್ಲಿ ಹಾಸಿ, ಡಾಂಬರು ಹಾಕಿದ್ದರು. ಹೊರೆಗಲ್ಲಿನ ಕಂಬಗಳು ರಸ್ತೆಯ ಕಡೆಯಿಂದ ಮಣ್ಣಿನಲ್ಲಿ ಮುಳುಗಿ, ಚಪ್ಪಡಿ ನನ್ನ ಹುಬ್ಬಿನ ಮಟ್ಟಕ್ಕೆ ಬಂದಿತ್ತು. ನನಗೇ ಅಳತೆ ಕೊಟ್ಟು ಮಾಡಿಸಿದ ಹಾಗೆ. ಗೊಮ್ಮಟನೂ ಕೊಡದ ನಾಲ್ಕು ಬೆರಳನ್ನು ರಸ್ತೆಯ ಕೂಲಿಯವರು ಕೊಟ್ಟಿದ್ದರು. ಹೊಲದ ಕಡೆ ಮಾತ್ರ ಹಳೇ ನೆಲ ಹಾಗೇ ಇತ್ತು, ಅತ್ತಲಿಂದ ಕಲ್ಲು ಹಾಗೇ ಎತ್ತರವಾಗಿತ್ತು. ಆ ಕಡೆ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಅವಳ ಆ ಮಗಳು, ಆಗಲೇ ನನಗಿಂತ ಉದ್ದ.

"ನೋಡ್ದಾ ಕುಳ್ಳಿ, ಕಲ್ಲೇ ಬಗ್ಗೈತೆ ನಿಂಗೆ! ಮಡಗು" ಎಂದಳು ಅಕ್ಕ.

ಒಂದು ಹೆಜ್ಜೆ ಮುಂದೆ ಹೋಗಿ ಜಾರಿಸಿದರೆ ಆಯಿತು. ಎಷ್ಟು ವರ್ಷದ ಆಸೆ. ಹಣೆಗೆ ಕಲ್ಲು ತಾಗುವಷ್ಟು ಹತ್ತಿರ ಹೋದೆ. ಏಕೋ ಕಾಣೆ, ಗಂಟು ಜಾರಿಸಲಿಲ್ಲ. ರಸ್ತೆಯ ಏರಿ ಇಳಿದು, ಸುತ್ತಿಕೊಂಡು, ಹೊಲದ ಕಡೆಗೆ ಹೋಗಿ ಅಕ್ಕನ ಮುಂದೆ ನಿಂತೆ.

"ಯಾಕೆ? ಅತ್ಲಿಂದ ಎಟುಕ್ತಿತ್ತಲ್ಲೇ."

"ಎಟುಕಾಕಿಲ್ಲ" ಎಂದೆ.

ಅಕ್ಕ ನನ್ನ ಮುಖ ನೋಡಿದಳು. ರಸ್ತೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು.

"ಮಡಗೋದು ನಿನ್ ಕೆಲ್ಸ, ಇಳ್ಸೋದು ನಂದು. ಯಾವಾಗ್ಲೂ ಎರಡೂ ನನ್ ತಲೆಗೇ ಕಟ್ತೀಯಲ್ಲ" ಎಂದು ಬೈದಳು. ಬೈಯುತ್ತಲೇ ನನ್ನ ತಲೆಯ ಮೇಲಿನ ಗಂಟನ್ನು ತನ್ನ ತಲೆಗೆ ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ನಾನೇ ಇಟ್ಟ ಹಾಗಾಗಲಿ ಎಂದು ಅದನ್ನು ಒಂದು ಸಲ ಮುಟ್ಟಿದೆ. ಆಮೇಲೆ ಅಕ್ಕ ತಲೆ ಕೊಟ್ಟು ಇಳಿಸಿಕೊಂಡಳು.

"ಬಾ ಕುಳ್ಳಿ" ಎಂದಳು.